ನೂರಕ್ಕೆ ನಾಲ್ಕು

ಅಲಾರಾಂ ಹೊಡೆಯಲು ಇನ್ನೂ ನಾಲ್ಕು ನಿಮಿಷ ಇರುವಾಗಲೇ ಅವನ ಕಾಲುಗಳು ಎದ್ದವು. ಅವನು ಎದ್ದ ಎನ್ನುವುದಕ್ಕಿಂತ ಕಾಲುಗಳು ಎದ್ದವು ಎನ್ನುವುದೇ ಸರಿ. ಮೂರು ತಿಂಗಳಿಂದ ಅವು ಯಜಮಾನನ ಅಪ್ಪಣೆಗೆ ಕಾಯದೆ, ಮಂಚದಡಿಯ ಬೂಟು ಹುಡುಕಿಕೊಂಡು, ಮೆಟ್ಟಿಲಿಳಿದು, ಅಂಚೆ ಕಚೇರಿಯ ಹಿಂದಿನ ಉದ್ಯಾನಕ್ಕೆ ಅವನನ್ನು ಹೊತ್ತುಕೊಂಡು ಹೋಗುತ್ತಿದ್ದವು. ನಲವತ್ತಾರು ವರ್ಷ, ಕಣ್ಣೆದುರೇ ಬಸ್ಸು ಹೊರಟರೂ ನಾಲ್ಕು ಹೆಜ್ಜೆ ಓಡದಿದ್ದ ಮನುಷ್ಯ. ಪ್ರತಿ ವರ್ಷದ ಮೊದಲ ದಿನ ಒಂದು ಪ್ರತಿಜ್ಞೆ, ಹತ್ತನೇ ದಿನಕ್ಕೆ ಅದು ಮಣ್ಣುಪಾಲು. ಒಂದು ಸಲ ಹಗ್ಗ ತಂದ, ಒಂದು ಸಲ ವ್ಯಾಯಾಮದ ಸೈಕಲ್ ತಂದ; ಸೈಕಲ್ಲಿನ ಮೇಲೆ ಈಗ ಹೆಂಡತಿ ಟವೆಲ್ ಒಣಗಿಸುತ್ತಾಳೆ. ತನಗೋಸ್ಕರ ಒಂದು ವಾರ ನಡೆಯಲಾಗದವನು ಅಣ್ಣನಿಗೋಸ್ಕರ ತೊಂಬತ್ತೊಂದು ದಿನ ನಡೆದಿದ್ದ. ಆರು ಸುತ್ತು, ಒಂದು ಗಂಟೆ ಹತ್ತು ನಿಮಿಷ. ಕಲ್ಲುಬೆಂಚಿನ ಹತ್ತಿರ ದಿನಾ ಚಪ್ಪಾಳೆ ತಟ್ಟುತ್ತಾ ನಿಂತಿರುವ ಮುದುಕರೊಬ್ಬರು ಇವತ್ತೂ ಕೂಗಿದರು: “ಬನ್ನಿ ಬನ್ನಿ, ನಿಮ್ಮನ್ನ ನೋಡಿಯೇ ನಾನು ಗಡಿಯಾರ ಸರಿ ಮಾಡ್ಕೊಳ್ಳೋದು!” ಅವನು ಹಲ್ಲು ಕಿರಿದ. ಅಣ್ಣನ ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ಮಂಗಳವಾರ, ಗುರುವಾರ, ಶನಿವಾರ, ನಾಲ್ಕು ನಾಲ್ಕು ಗಂಟೆ ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗುವುದು. ತಮ್ಮನ ಕಿಡ್ನಿ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಆದರೆ ತಮ್ಮ ಎಂಬತ್ತೊಂಬತ್ತು ಕೆಜಿ. “ಈ ತೂಕದಲ್ಲಿ ನಿಮ್ಮನ್ನ ಕೊಯ್ಯೋಕೆ ನನಗೆ ಧೈರ್ಯ ಇಲ್ಲ. ಎಂಬತ್ತರ ಒಳಗೆ ಬಂದ ದಿನ ಫೋನ್ ಮಾಡಿ, ಮಾರನೇ ವಾರವೇ ಇಬ್ಬರನ್ನೂ ಸೇರಿಸ್ಕೋತೀವಿ,” ಎಂದಿದ್ದರು ಡಾಕ್ಟರ್. ಆವತ್ತು ಸಂಜೆಯೇ ಬೂಟು ಕೊಂಡದ್ದಾಯಿತು.

ಮನೆಗೆ ಬಂದಾಗ ಹೆಂಡತಿ ಬಚ್ಚಲುಮನೆಯ ಬಾಗಿಲಲ್ಲಿ ಪೆನ್ನು ಹಿಡಿದು ನಿಂತಿದ್ದಳು. ಅವನು ಅಂಗಿ, ಬೂಟು ಕಳಚಿ ತೂಕದ ಯಂತ್ರದ ಮೇಲೆ ನಿಂತ. ಮುಳ್ಳು ಓಡಿತು, ನಡುಗಿತು, ನಿಂತಿತು. “ಎಂಬತ್ತೊಂದು,” ಎಂದು ಓದಿ ಅವಳು ಗೋಡೆಯ ಕ್ಯಾಲೆಂಡರಿನ ಶನಿವಾರದ ಚೌಕದಲ್ಲಿ ಬರೆದಳು. ನಿನ್ನೆಯೂ ಎಂಬತ್ತೊಂದು, ಮೊನ್ನೆಯೂ. ಅವನ ನಿಜವಾದ ತೂಕ ಎಪ್ಪತ್ತೆಂಟು ಎನ್ನುವುದು ಅವನೊಬ್ಬನಿಗೆ ಗೊತ್ತಿತ್ತು, ಏಕೆಂದರೆ ಆ ಯಂತ್ರವನ್ನು ಕೆಡಿಸಿದವನು ಅವನೇ. ಇಪ್ಪತ್ತೆರಡು ವರ್ಷದಿಂದ ತಕ್ಕಡಿ ರಿಪೇರಿ ಅವನ ಕಸುಬು. ಊರಿನ ಅಂಗಡಿ, ಗೋದಾಮು, ಅಂಚೆ ಕಚೇರಿ, ಎಲ್ಲರ ತಕ್ಕಡಿಯೂ ವರ್ಷಕ್ಕೊಮ್ಮೆ ಅವನ ಮೇಜಿನ ಮೇಲೆ ಹಾದುಹೋಗಬೇಕು. ಅವನು ಸರಿ ಎಂದದ್ದು ತಪ್ಪೆಂದು ಯಾರೂ ವಾಪಸು ತಂದದ್ದಿಲ್ಲ. ಹದಿನೆಂಟು ದಿನದ ಹಿಂದೆ ಹೆಂಡತಿ ತರಕಾರಿಗೆ ಹೋಗಿದ್ದಾಗ ಒಬ್ಬನೇ ಯಂತ್ರ ಹತ್ತಿದ್ದ. ಎಪ್ಪತ್ತೊಂಬತ್ತೂ ಮುಕ್ಕಾಲು. ಇಳಿದು ಮತ್ತೆ ಹತ್ತಿದ, ಮತ್ತೆ ಅದೇ. ಯಾರೋ ಹೆಗಲ ಮೇಲೆ ಕೈಯಿಟ್ಟು ‘ನಡಿ, ಹೊತ್ತಾಯಿತು’ ಎಂದಂತಾಯಿತು. ಆಮೇಲೆ ಅವನು ಮಾಡಿದ್ದನ್ನೆಲ್ಲ ಅವನ ಕೈ ಮಾಡಿತು: ಚೀಲದಿಂದ ಸ್ಕ್ರೂಡ್ರೈವರ್ ತೆಗೆಯಿತು, ಯಂತ್ರವನ್ನು ಬೋರಲು ಹಾಕಿ ತಳ ಬಿಚ್ಚಿತು, ಸ್ಪ್ರಿಂಗಿನ ತಿರುಪನ್ನು ಒಂದೂ ಕಾಲು ಸುತ್ತು ತಿರುಗಿಸಿತು. ಮೇಲೆ ಇಪ್ಪತ್ತು ಕೆಜಿಯ ತೂಕದ ಬಟ್ಟು ಇಟ್ಟು ನೋಡಿದ. ಇಪ್ಪತ್ತು ಕೆಜಿ ಎಂಟುನೂರು ಗ್ರಾಂ. ನೂರಕ್ಕೆ ನಾಲ್ಕು ಹೆಚ್ಚು. ಖಾಲಿ ಇದ್ದಾಗ ಮುಳ್ಳು ಸರಿಯಾಗಿ ಸೊನ್ನೆಯಲ್ಲೇ ನಿಲ್ಲುತ್ತಿತ್ತು. ನೋಡಿದವರಿಗೆ ಅನುಮಾನ ಬರುವ ಹಾಗಿಲ್ಲ. ಚೊಕ್ಕ ಕೆಲಸ. ಮಾರನೇ ದಿನ ಹೆಂಡತಿ, “ಏನ್ರೀ ಇದು, ಒಂದೇ ದಿನಕ್ಕೆ ಎರಡೂವರೆ ಕೆಜಿ ಜಾಸ್ತಿ?” ಎಂದಳು. “ಮೈಯಲ್ಲಿ ನೀರು ನಿಂತಿರಬೇಕು,” ಎಂದ. ಅವಳು ಕ್ಯಾಲೆಂಡರಿನಲ್ಲಿ ಬರೆದಳು. ಅದೇ ವಾರ ಅವನ ಎರಡು ಪ್ಯಾಂಟುಗಳ ಸೊಂಟ ಹಿಡಿದು ಹೊಲಿದಳು, ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಮಾಡಿದಳು. ತೂಕ ಏರಿದವನ ಪ್ಯಾಂಟು ಯಾಕೆ ಜಾರುತ್ತದೆ ಎಂದು ಕೇಳಲಿಲ್ಲ. ಕೇಳದಿದ್ದದ್ದಕ್ಕೆ ಅವಳ ಮೇಲೆ ಅವನಿಗೆ ಸಣ್ಣ ಸಿಟ್ಟು ಬಂದಿತ್ತು, ಆಮೇಲೆ ಅದೂ ಹೋಯಿತು.

ಸ್ನಾನ ಮಾಡುವಾಗ ಎಡಪಕ್ಕೆಯ ಕೆಳಗೆ ಸೋಪು ಹಚ್ಚಿಕೊಳ್ಳುತ್ತಾ ಕೈ ಅಲ್ಲೇ ನಿಂತಿತು. ಇಲ್ಲಿಂದಲೇ ತೆಗೆಯುವುದು. ಮೊದಲನೆಯ ಸಲ ಹೋದಾಗ ಡಾಕ್ಟರ್ ಅಣ್ಣನನ್ನೂ ಅತ್ತಿಗೆಯನ್ನೂ ಹೊರಗೆ ಕೂರಿಸಿ, ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದ್ದರು: “ನೋಡಿ, ಯಾರಾದರೂ ಒತ್ತಾಯ ಮಾಡ್ತಿದ್ದಾರಾ? ನಿಮಗೆ ಇಷ್ಟ ಇಲ್ಲ ಅಂದ್ರೆ ಈಗಲೇ ಹೇಳಿ. ಹೊಂದೋದಿಲ್ಲ ಅಂತ ನಾನೇ ಹೊರಗೆ ಹೇಳ್ತೀನಿ, ನಿಮ್ಮ ಹೆಸರು ಬರೋದಿಲ್ಲ.” ಎಂಥಾ ಸುಲಭದ ಬಾಗಿಲು! ತೆರೆದು, ಹಿಡಿದು, ಬನ್ನಿ ಎಂದು ಕರೆದ ಬಾಗಿಲು. ಅವನು, “ಛೆ ಛೆ, ನನ್ನ ಅಣ್ಣ ಸಾರ್,” ಎಂದುಬಿಟ್ಟ. ಡಾಕ್ಟರ ಮುಂದೆ ಸಣ್ಣವನಾಗಬಾರದು ಎನ್ನುವ ಒಂದೇ ಕಾರಣಕ್ಕೆ. ಅಣ್ಣನ ಮೇಲೆ ಅವನಿಗೆ ದ್ವೇಷವಿಲ್ಲ. ಹುಡುಕಿ ನೋಡಿದ್ದ. ಹತ್ತು ವರ್ಷದವನಿದ್ದಾಗ ಈಜುಕೊಳದಲ್ಲಿ ಅಣ್ಣ ಎಲ್ಲರೆದುರು ಅವನ ಅಂಗಿ ಎಳೆದು, “ನೋಡ್ರೋ, ನಮ್ಮನೆ ಗುಂಡ!” ಎಂದದ್ದನ್ನು ಎತ್ತಿ ತಂದು ಎದುರಿಗೆ ಇಟ್ಟುಕೊಂಡ, ಅದಕ್ಕೆ ಈಗ ತೂಕವೇ ಇರಲಿಲ್ಲ. ಅಪ್ಪ ಸತ್ತ ವರ್ಷ ಅಣ್ಣ ಓದು ಬಿಟ್ಟು ಕೆಲಸಕ್ಕೆ ಸೇರಿ ಇವನನ್ನು ಓದಿಸಿದ್ದನ್ನು ಇನ್ನೊಂದು ತಟ್ಟೆಯಲ್ಲಿಟ್ಟ. ಅದೂ ಮುಳ್ಳನ್ನು ಅಲ್ಲಾಡಿಸಲಿಲ್ಲ. ಪ್ರೀತಿ ಇದೆಯೋ ಎಂದು ನೋಡಿದರೆ ಇಲ್ಲ, ಇಲ್ಲವೋ ಎಂದು ನೋಡಿದರೆ ಅದೂ ಇಲ್ಲ. ಇದ್ದದ್ದು ಭಯ. ಸಾಯುವ ಭಯವೂ ಅಲ್ಲ, ಚಾಕುವಿನ ಭಯವೂ ಅಲ್ಲ. ತನ್ನೊಳಗಿಂದ ಒಂದನ್ನು ತೆಗೆದ ಮೇಲೆ ಉಳಿಯುವುದು ಏನು, ಅಲ್ಲೇನಾದರೂ ಇದೆಯೇ ಎನ್ನುವ ಭಯ. “ನಿಮ್ಮ ಸ್ನಾನ ಮುಗಿಯುತ್ತೋ, ಅಲ್ಲೇ ಮನೆ ಮಾಡ್ಕೊಂಡ್ರೋ?” ಎಂದು ಹೆಂಡತಿ ಬಾಗಿಲು ಬಡಿದಳು.

ಹತ್ತು ಗಂಟೆಗೆ ಬೇಕರಿಯ ತಕ್ಕಡಿ ನೋಡಲು ಹೋದ. ಒಲೆಯ ಬಿಸಿಗೆ ಬೇಕರಿಯವನ ಮುಖ ಸದಾ ಕೆಂಪು. ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತಾ ಬಂದವನು ಇವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಅಯ್ಯಯ್ಯೋ, ಏನ್ರೀ ಇದು! ಅರ್ಧಕ್ಕರ್ಧ ಇಳಿದುಹೋಗಿದ್ದೀರಲ್ಲ! ನಿಮ್ಮ ಹೊಟ್ಟೆ ಎಲ್ಲಿ ಬಿಟ್ಟು ಬಂದ್ರಿ?” ಎಂದ. ಅವನು ತಟಕ್ಕನೆ, “ಎಲ್ಲಿ ಇಳಿದಿದೀನಿ? ಇನ್ನೂ ಎಂಬತ್ತೊಂದು ಇದೀನಿ,” ಎಂದ. ಕೇಳದ ಲೆಕ್ಕ ಒಪ್ಪಿಸಿದಂತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಬೇಕರಿಯವನು ನಕ್ಕ: “ಎಂಬತ್ತೊಂದಾ? ಸಾಧ್ಯವೇ ಇಲ್ಲ. ಮೂವತ್ತು ವರ್ಷದಿಂದ ಹಿಟ್ಟಿನ ಮೂಟೆ ಎತ್ತಿದ ಕಣ್ಣು ಇದು. ಬನ್ನಿ, ನಮ್ಮ ಮೂಟೆ ತಕ್ಕಡಿ ಹತ್ತಿ, ನೋಡೇ ಬಿಡೋಣ.” “ಮನುಷ್ಯರನ್ನ ಇದರಲ್ಲಿ ತೂಗಬಾರದು,” ಎಂದ ಅವನು, ಅಂಥ ನಿಯಮ ಎಲ್ಲೂ ಇಲ್ಲದಿದ್ದರೂ. ಬಟ್ಟುಗಳ ಪೆಟ್ಟಿಗೆ ತೆರೆದು ಕೆಲಸಕ್ಕೆ ಬಗ್ಗಿದ. ಕೌಂಟರಿನ ತಕ್ಕಡಿ ಅರ್ಧ ಕೆಜಿಗೆ ನಾಲ್ಕು ಗ್ರಾಂ ಹೆಚ್ಚು ತೋರಿಸುತ್ತಿತ್ತು. “ನಾಲ್ಕು ಗ್ರಾಂ ಏನು ಮಹಾ ಬಿಡಿ,” ಎಂದ ಬೇಕರಿಯವನು. “ಗಿರಾಕಿ ನಿಮ್ಮನ್ನ ನಂಬಿ ತಗೊಳ್ಳೋದು. ಮುಳ್ಳು ನೋಡಿ ಯಾರೂ ತಗೊಳ್ಳೋದಿಲ್ಲ,” ಎಂದು ಅವನ ಬಾಯಿ ಇಪ್ಪತ್ತೆರಡು ವರ್ಷದಿಂದ ಹೇಳಿದ್ದನ್ನೇ ಹೇಳಿತು. ಮಾತಿಗೆ ರುಚಿ ಇರಲಿಲ್ಲ, ಅಗಿದು ಅಗಿದು ಉಳಿದ ಸಿಪ್ಪೆಯ ಹಾಗಿತ್ತು. ತಕ್ಕಡಿ ಸರಿ ಮಾಡಿ ಸಹಿ ಹಾಕಿದ. ಬೇಕರಿಯವನು ಬಿಸಿ ಬನ್ನು ಕೊಟ್ಟರೆ ಬೇಡ ಎಂದ. “ಅಬ್ಬ, ಛಲ ಅಂದ್ರೆ ಇದು!” ಎಂದು ಬೇಕರಿಯವನು ಮೆಚ್ಚಿಕೊಂಡ.

ಮಧ್ಯಾಹ್ನ ಒಂದೂವರೆಗೆ ಅಣ್ಣ ಅತ್ತಿಗೆ ಬಂದರು. ಶನಿವಾರ ಆಸ್ಪತ್ರೆಯಿಂದ ಹೋಗುವಾಗ ಇಲ್ಲಿ ಅರ್ಧ ಗಂಟೆ ಕೂತು ಹೋಗುವುದು ರೂಢಿ. ಅಣ್ಣ ಸೋಫಾದ ಮೇಲೆ ಕೂತ, ಕೂತನೆನ್ನುವುದಕ್ಕಿಂತ ಕುಸಿದ. ಒಂದು ಕಾಲಕ್ಕೆ ಓಟದ ಪಂದ್ಯದಲ್ಲಿ ಊರಿಗೆಲ್ಲ ಮುಂದಿದ್ದ ಕಾಲುಗಳು ಪ್ಯಾಂಟಿನೊಳಗೆ ಎಲ್ಲಿವೆ ಎಂದು ತಿಳಿಯುತ್ತಿರಲಿಲ್ಲ. ತೋಳಿನಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಅಂಟಿಸಿದ್ದರು. ತುಟಿ ಒಣಗಿತ್ತು. ಅತ್ತಿಗೆ ಕೈಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು, ಮುಚ್ಚಳದಲ್ಲಿ ಅಳೆದು ಎರಡು ಗುಟುಕು ನೀರು ಕೊಟ್ಟರು. ದಿನಕ್ಕೆ ಮೂರು ಲೋಟ, ಸಾರು ಟೀ ಎಲ್ಲ ಸೇರಿ ಅಷ್ಟೇ. ಹೆಚ್ಚಾದ ನೀರು ಹೊರಗೆ ಹೋಗುವ ದಾರಿಯಿಲ್ಲದೆ ಮೈಯಲ್ಲೇ ನಿಲ್ಲುತ್ತದೆ, ಶ್ವಾಸಕೋಶಕ್ಕೆ ಏರುತ್ತದೆ. ಅಣ್ಣ ಆ ಎರಡು ಗುಟುಕನ್ನು ಬಾಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ. ಆಮೇಲೆ, “ಏನೋ ಗುಂಡ, ಕರಗಿದೆಯೋ ಇಲ್ವೋ?” ಎಂದ.

“ಎಂಬತ್ತೊಂದರಲ್ಲೇ ನಿಂತುಬಿಟ್ಟಿದೆ ಭಾವ,” ಎಂದಳು ಹೆಂಡತಿ, ಇವನ ಕಡೆ ನೋಡದೆ.

“ಅಯ್ಯೋ, ಇನ್ನೊಂದು ಕೆಜಿ ಚಿಲ್ಲರೆ ತಾನೇ ಕಣಪ್ಪಾ,” ಎಂದರು ಅತ್ತಿಗೆ. ಅವರ ದನಿಯಲ್ಲಿ ಬೈಗುಳ ಇರಲಿಲ್ಲ, ಬೇಡಿಕೆ ಇತ್ತು, ಅದು ಬೈಗುಳಕ್ಕಿಂತ ಕಷ್ಟ. “ಇನ್ನೊಂದು ಸುತ್ತು ಜಾಸ್ತಿ ಹಾಕಿದ್ರೆ ಆಗಲ್ವಾ? ನಾನು ಹೀಗೆ ಕೇಳೋದು ತಪ್ಪೇ, ನನಗೆ ಗೊತ್ತು. ಎಲ್ಲಿ, ಒಂದು ಸಲ ನನ್ನೆದುರಿಗೆ ಹತ್ತು, ನೋಡೋಣ.”

ಹೆಂಡತಿ ಯಂತ್ರವನ್ನು ಹಜಾರಕ್ಕೆ ತಂದಿಟ್ಟಳು. ಅವನು ಹತ್ತಿದ. ಮೂವರೂ ಬಗ್ಗಿ ನೋಡಿದರು. ತನ್ನ ಕಾಲ ಬೆರಳುಗಳ ಸುತ್ತ ಮೂವರ ತಲೆಗಳು. ಅಣ್ಣನ ನೆತ್ತಿಯಲ್ಲಿ ಕೂದಲು ಉದುರಿ ಚರ್ಮ ಕಾಣುತ್ತಿತ್ತು. ಎಂಬತ್ತೊಂದೂ ಕಾಲು. ಅತ್ತಿಗೆ ಉಸಿರು ಬಿಟ್ಟರು. “ಇರಲಿ ಬಿಡೇ,” ಎಂದ ಅಣ್ಣ, “ಇವನದ್ದೂ ನನ್ನದೂ ಕೂಡಿಸಿ ಎರಡರಿಂದ ಭಾಗಿಸಿದ್ರೆ ಡಾಕ್ಟರ್ ಒಪ್ಪಲೇಬೇಕು. ಸರಿ, ನಾನೂ ಒಂದು ಸಲ ಹತ್ತುತ್ತೀನಿ. ನಮ್ಮನೆ ಯಂತ್ರ ಅಂತೂ ಹದಿನೈದು ದಿನದಿಂದ ಇವನ ಅಂಗಡಿಯಲ್ಲಿ ತಪಸ್ಸು ಮಾಡ್ತಿದೆ.” ಬೇಡ, ಎನ್ನಬೇಕಿತ್ತು. ಸ್ಪ್ರಿಂಗು ಸರಿಯಿಲ್ಲ ಅಣ್ಣ, ಎಂದರೆ ಮುಗಿಯುತ್ತಿತ್ತು. ಇಪ್ಪತ್ತು ಕೆಜಿಯ ಬಟ್ಟು ಇಟ್ಟು ಎಲ್ಲ ನೋಡಿದ್ದವನು ಇದೊಂದನ್ನು ಯೋಚಿಸಿರಲಿಲ್ಲ: ವಾರಕ್ಕೆ ಆರು ಸಲ, ಆಸ್ಪತ್ರೆಯಲ್ಲಿ ರಕ್ತ ತೊಳೆಸಿಕೊಳ್ಳಲು ಮಲಗುವ ಮುಂಚೆ ಮತ್ತು ಎದ್ದ ಮೇಲೆ, ಗ್ರಾಂ ಲೆಕ್ಕದಲ್ಲಿ ತೂಗಿಸಿಕೊಳ್ಳುವ ಅಣ್ಣ ತಾನೇ ಒಂದು ಬಟ್ಟು ಎನ್ನುವುದನ್ನು. ಐವತ್ತೆಂಟು ಕೆಜಿಯ, ಸೀಲು ಬಿದ್ದ, ತಪ್ಪದ ಬಟ್ಟು. ಅಣ್ಣ ಗೋಡೆ ಹಿಡಿದು ಹತ್ತಿದ, ಕೈ ಬಿಟ್ಟ.

“ಅರವತ್ತೂ ಕಾಲು!” ಅತ್ತಿಗೆಯ ದನಿ ಏರಿತು. “ಬೂಟು ಬಿಚ್ಚಿದ್ದೀರಾ? ಬಿಚ್ಚಿದ್ದೀರಿ. ಈಗ ಒಂದು ಗಂಟೆ ಮುಂಚೆ ಆಸ್ಪತ್ರೆಯಲ್ಲಿ ಐವತ್ತೆಂಟು ಇತ್ತು, ನಾನೇ ನೋಡಿದೀನಿ. ಎರಡು ಕೆಜಿ ಎಲ್ಲಿಂದ ಬಂತು?”

ಅಣ್ಣ ಮುಳ್ಳನ್ನು ನೋಡಿದ. ಆಮೇಲೆ ತಲೆಯೆತ್ತಿ ತಮ್ಮನನ್ನು ನೋಡಿದ. ಮುಖದಿಂದ ಕತ್ತಿಗೆ, ಕತ್ತಿನಿಂದ ಸಡಿಲವಾದ ಅಂಗಿಗೆ, ಅಲ್ಲಿಂದ ಬೆಲ್ಟಿನ ಹೊಸ ತೂತಿಗೆ ಆ ನೋಟ ಇಳಿಯಿತು. ಅವಸರವಿರಲಿಲ್ಲ. ಅದರಲ್ಲಿ ಸಿಟ್ಟು ಇದ್ದಿದ್ದರೆ ತಮ್ಮ ಬದುಕಿಕೊಳ್ಳುತ್ತಿದ್ದ. “ಕುಡಿದುಬಿಟ್ಟೆ ಕಣೇ,” ಎಂದ ಅಣ್ಣ. “ನೀನು ಔಷಧಿ ತರೋಕೆ ಹೋಗಿದ್ದೆಯಲ್ಲ, ಆಗ. ಅಲ್ಲೇ ನಲ್ಲಿ ಇತ್ತು.”

“ಎರಡು ಲೀಟರಾ? ಹತ್ತು ನಿಮಿಷದಲ್ಲಿ? ನೀವೇನು ಮನುಷ್ಯರೋ ಒಂಟೆಯೋ?”

“ಬಾಯಾರಿತ್ತು,” ಎಂದ ಅಣ್ಣ.

ಅತ್ತಿಗೆ ಅತ್ತರು. ಬೈಯುತ್ತಾ ಅತ್ತರು, ಅಳುತ್ತಾ ಬೈದರು. ಮಗುವಿಗಿಂತ ಕಡೆ ಎಂದರು, ನನ್ನನ್ನ ಸಾಯಿಸೋಕೇ ಹೀಗೆ ಮಾಡ್ತೀರಿ ಎಂದರು, ತಾನು ರಾತ್ರಿಯೆಲ್ಲ ಗಂಡನ ಉಸಿರು ಕೇಳುತ್ತಾ ಮಲಗುವುದನ್ನು ಹೇಳಿದರು. ಹೆಂಡತಿ, “ಅಕ್ಕಾ, ಸಮಾಧಾನ ಮಾಡ್ಕೊಳ್ಳಿ,” ಎಂದು ಬೆನ್ನು ಸವರಿದಳು. ಸವರುತ್ತಾ ಗಂಡನನ್ನು ನೋಡಿದಳು, ತಕ್ಷಣ ಕಣ್ಣು ತೆಗೆದಳು. ಇವಳಿಗೂ ಗೊತ್ತು, ಎಂದುಕೊಂಡ ಅವನು. ಮೊದಲಿನಿಂದಲೂ ಗೊತ್ತು. ಅಣ್ಣ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಐವತ್ತೆರಡು ವರ್ಷದ ಮನುಷ್ಯ, ಮಾಡದ ಕಳ್ಳತನಕ್ಕೆ, ತಮ್ಮನ ಮನೆಯ ಹಜಾರದಲ್ಲಿ. ಅವನು ಅದನ್ನೆಲ್ಲ ಕಿಟಕಿಯ ಆಚೆ ನಡೆಯುತ್ತಿರುವುದನ್ನು ನೋಡುವ ಹಾಗೆ ನೋಡುತ್ತಾ ನಿಂತಿದ್ದ. ಹೇಳು, ಎಂದು ತನಗೆ ತಾನೇ ಹೇಳಿಕೊಂಡ. ಹೇಳು, ಹೇಳು. ನಾಲಿಗೆ ತನ್ನದಲ್ಲ ಎನ್ನುವ ಹಾಗೆ ಬಾಯಲ್ಲಿ ಬಿದ್ದಿತ್ತು. ಹಜಾರದ ನಡುವೆ ಯಂತ್ರ ಮುಳ್ಳನ್ನು ಸೊನ್ನೆಯ ಮೇಲೆ ಇಟ್ಟುಕೊಂಡು ಕೂತಿತ್ತು. ಅತ್ತಿಗೆ ಅದನ್ನು ಅನುಮಾನಿಸಲಿಲ್ಲ. ಯಾಕೆ ಅನುಮಾನಿಸುತ್ತಾರೆ? ತಕ್ಕಡಿಯವನ ಮನೆಯ ತಕ್ಕಡಿ.

ಹೊರಡುವಾಗ ಅಣ್ಣ ಬೂಟು ಹಾಕಿಕೊಳ್ಳಲು ಬಗ್ಗಲಾರದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ. ಹೆಂಗಸರು ಮೆಟ್ಟಿಲಿಳಿಯುತ್ತಿದ್ದರು. ಅವನು ನೆಲಕ್ಕೆ ಕೂತು ಅಣ್ಣನ ಕಾಲನ್ನು ಬೂಟಿನೊಳಗೆ ಸೇರಿಸಿ ಲೇಸು ಕಟ್ಟತೊಡಗಿದ. ಕಾಲು ತಣ್ಣಗಿತ್ತು. ಅಣ್ಣ ಬಹಳ ಮೆಲ್ಲಗೆ, ಹವೆಯ ವಿಷಯ ಮಾತಾಡುವ ಹಾಗೆ, “ಎಷ್ಟಿದೀಯೋ ನಿಜವಾಗಿ?” ಎಂದ.

“ಎಪ್ಪತ್ತೆಂಟು.”

“ಶಭಾಷ್! ಹನ್ನೊಂದು ಕೆಜಿ!” ಎಂದ ಅಣ್ಣ. ಅದರಲ್ಲಿ ಕುಹಕ ಇತ್ತೇ ಎಂದು ಅವನು ಹುಡುಕಿದ, ಇರಲಿಲ್ಲ, ನಿಜವಾದ ಮೆಚ್ಚುಗೆ ಇತ್ತು. ಇನ್ನೊಂದು ಕಾಲನ್ನು ಮುಂದೆ ಚಾಚುತ್ತಾ ಹೇಳಿದ: “ಮೊದಲೇ ಬಾಯಿ ಬಿಟ್ಟು ಹೇಳಿದ್ರೆ ಆಗ್ತಿತ್ತಲ್ಲೋ, ಇಷ್ಟೆಲ್ಲ ಯಾಕೆ? ಹೋಗಲಿ ಬಿಡು. ಡಾಕ್ಟರಿಗೆ ನಾನೇ ಹೇಳ್ತೀನಿ, ತಮ್ಮನಿಗೆ ಇಳಿಯೋದಿಲ್ಲ, ಬೇರೆ ದಾರಿ ನೋಡಿ ಅಂತ. ಅವಳಿಗೆ ಮಾತ್ರ ಗೊತ್ತಾಗೋದು ಬೇಡ. ಆಯ್ತಾ?”

ಬೇರೆ ದಾರಿ ಇಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. “ಹೂಂ,” ಎಂದ ಅವನು, ಲೇಸಿನ ಗಂಟು ನೋಡುತ್ತಾ. ಅಣ್ಣ ಅವನ ಭುಜ ಹಿಡಿದು ಎದ್ದು, ಒಂದೊಂದೇ ಮೆಟ್ಟಿಲು ಇಳಿದು ಹೋದ.

ಭಾನುವಾರ ಬೆಳಿಗ್ಗೆಯೂ ಕಾಲುಗಳು ಐದೂವರೆಗೆ ಎದ್ದವು. ಇನ್ನು ಯಾಕೆ ಎಂದು ಅವಕ್ಕೆ ಯಾರು ಹೇಳಬೇಕು? ಆರು ಸುತ್ತು ಹಾಕಿ ಬಂದ. ಯಂತ್ರ ಬಚ್ಚಲುಮನೆಯಲ್ಲಿ ಇರಲಿಲ್ಲ, ಹೆಂಡತಿ ಅದನ್ನು ಅಟ್ಟಕ್ಕೆ ಹಾಕಿದ್ದಳು. ಹಗಲು ಹೇಗೋ ಹೋಯಿತು. ಪತ್ರಿಕೆಯನ್ನು ಎರಡು ಸಲ ಓದಿದ, ಒಂದು ಸಾಲೂ ತಲೆಗೆ ಹತ್ತಲಿಲ್ಲ. ಸಂಜೆ ಆರಕ್ಕೆ ಫೋನು ಬಡಿಯಿತು. ಅತ್ತಿಗೆ. ಪಿಸುಗುಟ್ಟುತ್ತಿದ್ದರು.

“ನಿಮ್ಮಣ್ಣ ಬೆಳಿಗ್ಗೆಯಿಂದ ನೀರು ನೀರು ಅಂತಿದಾರೆ ಕಣಪ್ಪಾ. ನಿನ್ನೆ ಅಷ್ಟು ಕುಡಿದಿದಾರಲ್ಲ ಅಂತ ನಾನು ಕೊಟ್ಟೇ ಇಲ್ಲ, ಮಾತ್ರೆಗೆ ಒಂದು ಗುಟುಕು ಅಷ್ಟೇ. ತುಟಿ ಒಡೆದು ರಕ್ತ ಬಂದಿದೆ. ಒದ್ದೆ ಬಟ್ಟೆ ಇಟ್ರೆ ಅದನ್ನೇ ಚೀಪ್ತಾರೆ, ನೋಡೋಕಾಗಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ, ಎರಡು ಕೆಜಿ ಜಾಸ್ತಿ ಇದ್ರೆ ಮಂಗಳವಾರದ ತನಕ ಹನಿ ನೀರೂ ಕೊಡಬೇಡಿ ಅಂದ್ರು. ಹಾಗೆ ಮಾಡೋಕೆ ನನಗೆ ಯಾಕೋ ಮನಸ್ಸು ಬರ್ತಿಲ್ಲ. ಮೈ ಊದಿಲ್ಲ, ಉಸಿರು ಸರಿಯಾಗೇ ಇದೆ. ನಮ್ಮನೇಲಿ ತೂಗಿ ನೋಡೋಣ ಅಂದ್ರೆ ಯಂತ್ರ ಇಲ್ಲ.”

ಹಿಂದಿನಿಂದ ಅಣ್ಣನ ದನಿ ಕೇಳಿಸಿತು. ಒಣ ಎಲೆ ಎಳೆದ ಹಾಗಿತ್ತು. “ಯಾರೇ ಅದು? ಅವನನ್ನ ಯಾಕೆ ಕೇಳ್ತೀಯಾ. ಇಡು ಫೋನು.”

“ನೀವು ಸುಮ್ನಿರಿ,” ಎಂದು ಆ ಕಡೆಗೆ ಹೇಳಿ ಅತ್ತಿಗೆ ಮತ್ತೆ ಫೋನಿಗೆ ಬಂದರು. “ಒಂದೇ ಮಾತು ಹೇಳಪ್ಪಾ. ನಿನ್ನ ತಕ್ಕಡಿಯಲ್ಲಿ ಏನಾದ್ರೂ ವ್ಯತ್ಯಾಸ ಇರಬಹುದಾ? ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ. ಇರಬಹುದು ಅಂತ ನೀನು ಒಂದು ಮಾತು ಅಂದ್ರೆ ಸಾಕು, ಈಗಲೇ ಒಂದು ಲೋಟ ಕೊಟ್ಟುಬಿಡ್ತೀನಿ.”

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ತೊಳೆದ ತಟ್ಟೆ ಇತ್ತು, ನೀರು ತೊಟ್ಟಿಕ್ಕುತ್ತಿತ್ತು. ಅವನು ಅವಳನ್ನು ನೋಡಿದ. ಅವಳು ಇವನನ್ನು ನೋಡಿದಳು. ಫೋನಿನಲ್ಲಿ ಅತ್ತಿಗೆ ಕಾಯುತ್ತಿದ್ದರು.

“ಇಲ್ಲ ಅತ್ತಿಗೆ,” ಎಂದ ಅವನು. “ತಕ್ಕಡಿ ಸರಿಯಾಗಿದೆ.”